ತೊಪ್ಪೂರು ಏರಿಗೆ ಸುತ್ತಿದ ಮೋಟರು

ಮೇ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಮೇನಕಾ ಗೋದಾಮಿನ ಬಾಗಿಲು ತೆಗೆದಾಗ ಮ್ಯಾಗ್ನೆಟ್ಟಿನ ಮೂರೇ ಮೂರು ಪೆಟ್ಟಿಗೆ ಉಳಿದಿದ್ದವು. ಎರಡು ದಿನದ ಕೆಲಸಕ್ಕೂ ಅವು ಸಾಲುತ್ತಿರಲಿಲ್ಲ.

ಧರ್ಮಪುರಿಯಿಂದ ಪಾಲಕೋಡಿಗೆ ಹೋಗುವ ರಸ್ತೆಯ ಪಕ್ಕದ ಆ ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಮೋಟರು ತಯಾರಾಗುತ್ತಿತ್ತು. ಹೊಸೂರು ಕಡೆಯ ಒಂದು ಸ್ಕೂಟರ್ ಕಂಪನಿ ಇಲ್ಲಿಂದ ಮೋಟರು ಕೊಳ್ಳುತ್ತಿತ್ತು. ಒಂದು ಸಾಲಿನಲ್ಲಿ ಮಿಷನ್ನು ತಾಮ್ರದ ತಂತಿ ಸುತ್ತುತ್ತಿತ್ತು. ಇನ್ನೊಂದು ಸಾಲಿನಲ್ಲಿ ಹೆಂಗಸರು ತಿರುಗುವ ಭಾಗಕ್ಕೆ ಮ್ಯಾಗ್ನೆಟ್ಟು ಕೂರಿಸುತ್ತಿದ್ದರು. ಒಟ್ಟು ನಲವತ್ತೆರಡು ಹೆಂಗಸರು. ಎಲ್ಲರನ್ನೂ ನೋಡಿಕೊಳ್ಳುವುದು ಮೂವತ್ತೊಂದು ವರ್ಷದ ಮೇನಕಾಳ ಹೊಣೆ. ಪೆನ್ನಾಗರಂನವಳು, ಈಗ ಪಾಲಕೋಡಿನಲ್ಲಿ ಮನೆ, ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು. ಕಾರ್ಖಾನೆ ಶುರುವಾದ ದಿನದಿಂದಲೂ ಇಲ್ಲಿದ್ದಳು.

ಹೆಬ್ಬೆರಳಿನಷ್ಟೇ ಇರುವ, ಬೆಳ್ಳಿಯ ಹಾಗೆ ಹೊಳೆಯುವ ಆ ಮ್ಯಾಗ್ನೆಟ್ಟುಗಳು ಬರುತ್ತಿದ್ದದ್ದು ಚೀನಾದಿಂದ. ಏಪ್ರಿಲ್‌ನಲ್ಲಿ ಆ ದೇಶದ ಸರ್ಕಾರ ಹೊಸ ಕಾನೂನು ತಂದಿತು: ಅಪ್ಪಣೆ ಪತ್ರವಿಲ್ಲದೆ ಒಂದು ಚೂರೂ ಹಡಗು ಹತ್ತುವಂತಿಲ್ಲ. ಅಪ್ಪಣೆ ಬೇಕಾದರೆ ಕಾಗದದ ಮೇಲೆ ಕಾಗದ, ಸೀಲಿನ ಮೇಲೆ ಸೀಲು. ಇದನ್ನು ಯುದ್ಧದ ಸಾಮಾನಿಗೆ ಬಳಸುವುದಿಲ್ಲ ಎಂದು ಬರೆದುಕೊಡಬೇಕು. ಮೇನಕಾ ತಾನೇ ಕೂತು ಅವನ್ನೆಲ್ಲ ತುಂಬಿ ಕಳಿಸಿದ್ದಳು. ಐದು ವಾರವಾದರೂ ಉತ್ತರವಿರಲಿಲ್ಲ. ಪುಣೆಯ ಮೋಟರು ಕಾರ್ಖಾನೆಗಳವರೂ ಕಾಯುತ್ತಿದ್ದರು, ಜರ್ಮನಿ, ಜಪಾನಿನ ಕಾರು ಕಂಪನಿಗಳೂ ಕಾಯುತ್ತಿದ್ದವು.

ಕಾರ್ಖಾನೆಯ ಯಜಮಾನರು ಲಕ್ಷ್ಮಣನ್. ಒಂದು ಕಾಲಕ್ಕೆ ಧರ್ಮಪುರಿಯಲ್ಲಿ ಲೇತ್ ಇಟ್ಟುಕೊಂಡು ಕಷ್ಟಪಟ್ಟು ಮೇಲೆ ಬಂದವರು. ಮೇನಕಾಳ ಜೊತೆ ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದರು. ಅವತ್ತು ಅವರು ಕುರ್ಚಿಯಲ್ಲಿ ಕೂರಲೂ ಇಲ್ಲ.

"ಬುಧವಾರದಿಂದ ಲೈನ್ ನಿಲ್ಲಿಸು ಮೇನಕಾ. ಕಂಪನಿ ಕರೆದಾಗ ಬನ್ನಿ ಅಂತ ಎಲ್ಲರಿಗೂ ಹೇಳಿಬಿಡು. ವೇರೆ ವಳಿ ಇಲ್ಲೆ, ಬೇರೆ ದಾರಿ ಇಲ್ಲ."

"ಎಷ್ಟು ದಿನ ಅಂತ ಹೇಳ್ಲಿ ಸಾರ್?"

"ನನಗೇ ಗೊತ್ತಿಲ್ಲ."

ಮಂಗಳವಾರ ಸಂಜೆ ಹೆಂಗಸರು ಟಿಫನ್ ಡಬ್ಬಿ ಹಿಡಿದು ಹೊರಟರು. ಒಬ್ಬರೂ ಜಗಳವಾಡಲಿಲ್ಲ. ಕೆಲಸದಲ್ಲಿ ಎಲ್ಲರಿಗಿಂತ ಚುರುಕಾದ ರಾಧಾ ಮಾತ್ರ ಗೇಟಿನ ಹತ್ತಿರ ನಿಂತು ಕೇಳಿದಳು: "ಅಕ್ಕಾ, ತಿರುಪ್ಪೂರಿಗೆ ಬನಿಯನ್ ಕೆಲಸಕ್ಕೆ ಓಗೋಣ ಅಂತ ನಾಲ್ಕು ಜನ ಮಾತಾಡ್ತಾವ್ರೆ. ನಾನೂ ಓಗ್ಲಾ?"

"ಒಂದು ವಾರ ತಡಿ," ಅಂದಳು ಮೇನಕಾ.

ಆ ವಾರದೊಳಗೇ ಸ್ಕೂಟರ್ ಕಂಪನಿಯಿಂದ ಅರವಿಂದ್ ಬಂದ. ಮೋಟರು ವಿಭಾಗದ ಎಂಜಿನಿಯರು, ಹೊಸೂರಿನಲ್ಲೇ ಬೆಳೆದವನು. ಕನ್ನಡ, ತೆಲುಗು, ತಮಿಳು ಮೂರನ್ನೂ ಸಲೀಸಾಗಿ ಆಡುತ್ತಿದ್ದ. ಅವನ ಕೈಚೀಲದಲ್ಲಿ ಒಂದು ನಕ್ಷೆ ಮತ್ತು ಒಂದಷ್ಟು ಕಪ್ಪು ಮ್ಯಾಗ್ನೆಟ್ಟು ಇದ್ದವು.

"ಇದು ಚೀನಾದ್ದಲ್ಲ, ಇಲ್ಲೇ ಸಿಗುತ್ತೆ," ಎಂದು ಅವನು ಮೇಜಿನ ಮೇಲಿಟ್ಟ. "ಕಬ್ಬಿಣದ ತುಕ್ಕಿನ ಪುಡಿಯಿಂದ ಮಾಡೋದು. ಹಳೇ ಸ್ಪೀಕರ್ ಒಳಗಿರುತ್ತಲ್ಲ, ಅದೇ ಜಾತಿ. ಶಕ್ತಿ ಕಮ್ಮಿ, ಮೂರರಲ್ಲಿ ಒಂದು ಪಾಲು ಅಷ್ಟೆ. ಆ ಕೊರತೆ ತುಂಬಿಸೋಕೆ ಮ್ಯಾಗ್ನೆಟ್ಟು ದಪ್ಪ ಮಾಡಿದೀವಿ, ತಾಮ್ರ ಜಾಸ್ತಿ ಹಾಕಬೇಕು. ಮೂವತ್ತು ದಿನದಲ್ಲಿ ನೂರು ಮೋಟರು ಬೇಕು. ಸೇಲಂ ರಸ್ತೆಯ ತೊಪ್ಪೂರು ಘಾಟಿಯಲ್ಲಿ ಓಡಿಸಿ ನೋಡ್ತೀವಿ. ತಡೆದರೆ ದೊಡ್ಡ ಆರ್ಡರ್. ತಡೀಲಿಲ್ಲ ಅಂದ್ರೆ ಈ ದಾರಿಯನ್ನೇ ಬಿಟ್ಟು ಚೀನಾದ ಮ್ಯಾಗ್ನೆಟ್ಟಿಗೆ ಕಾಯೋದು."

ಮೇನಕಾ ನಕ್ಷೆ ನೋಡಿದಳು. ಮೋಟರಿನ ಹೊರಭಾಗದ ಉಕ್ಕಿನ ಬಳೆಯಲ್ಲಿ ಬಾಚಣಿಗೆಯ ಹಲ್ಲುಗಳ ಸಂದಿನಂತೆ ಸಂದುಗಳಿದ್ದವು. ಒಂದೊಂದು ಸಂದಿಗೂ ಅರವತ್ತೆರಡು ಸುತ್ತು ತಂತಿ ಬೇಕಿತ್ತು. ಕಾರ್ಖಾನೆಯ ಮಿಷನ್ನಿನಲ್ಲಿ ಸುತ್ತಿ ನೋಡಿದಾಗ ನಲವತ್ತಾರಕ್ಕೇ ಸೂಜಿ ಸಿಕ್ಕಿಕೊಂಡು ನಿಂತಿತು. ಹೊಸ ಮಿಷನ್ನು ತರಿಸಬೇಕೆಂದರೆ ಅದೂ ಚೀನಾದಿಂದಲೇ ಬರಬೇಕು. ನಾಲ್ಕು ತಿಂಗಳು ಹಿಡಿಯುತ್ತದೆ.

"ಆಗಲ್ಲ ಬಿಡು," ಎಂದರು ಲಕ್ಷ್ಮಣನ್.

"ಭಾನುವಾರದ ತನಕ ಟೈಮ್ ಕೊಡಿ ಸಾರ್," ಎಂದಳು ಮೇನಕಾ. ಖಾಲಿ ಉಕ್ಕಿನ ಬಳೆಯೊಂದನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡಳು.

ಪೆನ್ನಾಗರಂ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ಅಪ್ಪ ಅವ್ವನ ಅಂಗಡಿ. ಸುಟ್ಟುಹೋದ ಪಂಪಿನ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವುದು ಅವರ ಕಸುಬು. ಬಿಚ್ಚುವುದು, ಎತ್ತುವುದು, ಬೇರಿಂಗ್ ಹಾಕುವುದು ಅಪ್ಪ ದಾಸಪ್ಪ. ಸುತ್ತುವುದು ಅವ್ವ ಸಪ್ಪಲಮ್ಮ. ಇಪ್ಪತ್ತೆಂಟು ವರ್ಷದಿಂದ ಹಾಗೇ. ಸಪ್ಪಲಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ಸುಟ್ಟ ಮೋಟರಿನ ವಾಸನೆ ನೋಡಿಯೇ, ನೀರು ಹೋಗಿ ಸುಟ್ಟಿತೋ ಕರೆಂಟು ಏರಿಳಿದು ಸುಟ್ಟಿತೋ ಹೇಳುತ್ತಿದ್ದಳು.

"ಇದೇನವ್ವ, ಆಟದ ಸಾಮಾನಿದ್ದಂಗೈತೆ?" ದಾಸಪ್ಪ ಮಗಳು ಕೊಟ್ಟ ಬಳೆಯನ್ನು ಅಂಗೈಲಿಟ್ಟು ತಿರುಗಿಸಿದ.

ಸಪ್ಪಲಮ್ಮ ಕನ್ನಡಕ ಏರಿಸಿಕೊಂಡು ಸಂದಿಯೊಳಗೆ ಬೆರಳ ತುದಿ ಇಟ್ಟಳು. "ಎಷ್ಟು ಸುತ್ತು ಬೇಕಂತೆ?"

"ಅರವತ್ತೆರಡು. ಮಿಷನ್ನು ನಲವತ್ತಾರಕ್ಕೇ ನಿಂತೋಗ್ತದೆ."

"ಮಿಷನ್ನು ತಂತಿನ ಎಸೀತದೆ. ಮಲಗ್ಸಲ್ಲ."

ಅವಳು ಮರದ ಅಚ್ಚಿನ ಮೇಲೆ ತಂತಿಯ ಒಂದು ಸುರುಳಿ ಸುತ್ತಿದಳು. ಸಂದಿಗೆ ತೆಳು ಕಾಗದ ಮಡಚಿ ಇಟ್ಟಳು. ಆಮೇಲೆ ಸುರುಳಿಯ ಎಳೆಗಳನ್ನು ನಾಲ್ಕೈದರಂತೆ ಬಿಡಿಸಿ ಒಳಗಿಳಿಸುತ್ತ, ಬಿದಿರಿನ ಸಣ್ಣ ಚಕ್ಕೆಯಿಂದ ಮೆಲ್ಲಗೆ ಸವರುತ್ತ ಹೋದಳು. ಎಳೆಗಳು ಒಂದರ ಪಕ್ಕ ಒಂದು ಕೂತವು. "ಒಂದ್ರ ಮೇಲೊಂದು ಬಿದ್ರೆ ಜಾಗ ಸಾಲಲ್ಲ ಕಣೆ. ಒಂದೇ ಚಾಪೆ ಮೇಲೆ ಆರು ಮಕ್ಕಳನ್ನ ಮಲಗ್ಸಲ್ವ, ಅಂಗೆ." ಅರವತ್ತೆರಡನೆಯ ಎಳೆಯೂ ಒಳಗಿಳಿಯಿತು. ಮೇಲೆ ಕಾಗದ ಮುಚ್ಚಿ, ಸಂದಿಯ ಬಾಯಿಗೆ ಪಟ್ಟಿ ಜಾರಿಸಿದಳು.

ಮೇನಕಾ ಚಿಕ್ಕಂದಿನಿಂದ ನೋಡಿದ ಕೆಲಸವೇ ಅದು. ಪಾಲಿಟೆಕ್ನಿಕ್‌ನಲ್ಲಿದ್ದಾಗ, ಅಪ್ಪ ಅವ್ವ ಏನು ಮಾಡುತ್ತಾರೆ ಎಂದು ಗೆಳತಿಯರು ಕೇಳಿದರೆ ಎಲೆಕ್ಟ್ರಿಕಲ್ ಅಂಗಡಿ ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಈಗ ಬಳೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅವ್ವಾ, ನೀನು ನನ್ನ ಜೊತೆ ಬರ್ಬೇಕು. ಹದಿನಾಲ್ಕು ಜನಕ್ಕೆ ಇದನ್ನ ಕಲಿಸ್ಬೇಕು."

"ಈಗ್ಲಾ? ಬೇಸಿಗೇಲಿ?" ಸಪ್ಪಲಮ್ಮ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಏಳು ಮೋಟರು ಸಾಲಾಗಿ ಕೂತಿದ್ದವು. ಒಂದೊಂದರ ಹಿಂದೆಯೂ ಒಂದೊಂದು ತೋಟ ನೀರಿಗೆ ಕಾಯುತ್ತಿತ್ತು.

"ಓಗು," ಎಂದ ದಾಸಪ್ಪ. "ಅಷ್ಟು ಜನ ಮನೇಲಿ ಕೂತವ್ರಂತೆ. ನಾನೂ ಸುತ್ತಬಲ್ಲೆ, ನಿದಾನ ಅಷ್ಟೆ."

"ನೀನು ಸುತ್ತಿದ್ದು ತಿಂಗಳಿಗೇ ವಾಪಸ್ ಬರ್ತದೆ," ಎಂದು ಸಪ್ಪಲಮ್ಮ ನಕ್ಕಳು. ಆಮೇಲೆ ಮಗಳಿಗೆ ಹೇಳಿದಳು: "ವಾರದಾಗೆ ಎರಡು ದಿನ ಇಲ್ಲಿಗೆ ಬಂದೋಗ್ತೀನಿ. ಅಲ್ಲಿ ನಾನು ಹೇಳಿದಂಗೆ ನಡೀಬೇಕು. ಶರಿಯಾ?"

ಲಕ್ಷ್ಮಣನ್ ಮೊದಲು ನಂಬಲಿಲ್ಲ. ಸುತ್ತಿದ ಬಳೆಯನ್ನು ಕೈಗೆ ಕೊಟ್ಟ ಮೇಲೆ ಎಳೆ ಎಣಿಸಿ ನೋಡಿದರು. ಫೋನ್ ತೆಗೆದು ಅರವಿಂದನಿಗೆ, ನೂರು ಮೋಟರಿಗೆ ಒಪ್ಪಿದೆ ಎಂದರು. ಮೇನಕಾ ರಾಧಾಳಿಗೆ ಫೋನ್ ಮಾಡಿದಳು.

ಹದಿನಾಲ್ಕು ಹೆಂಗಸರು ಬಂದರು. ನಿಂತಿದ್ದ ಮಿಷನ್ನಿನ ಪಕ್ಕದಲ್ಲೇ ಬೆಂಚು ಹಾಕಿ ಕೂತರು. ಸಪ್ಪಲಮ್ಮ ಒಬ್ಬೊಬ್ಬರ ಹಿಂದೆಯೂ ನಿಂತು ಕೈ ನೋಡುತ್ತಿದ್ದಳು. ತಮಿಳಿನವರಿಗೆ ತಮಿಳಿನಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ ಒಂದೇ ಮಾತು ಹೇಳಿದಳು: ತಂತಿಯ ಮೇಲೆ ಕಣ್ಣಿಗೆ ಕಾಣದ ಚರ್ಮ ಒಂದಿದೆ, ಬಿದಿರು ಬಿಟ್ಟು ಬೇರೇನೂ ಅದಕ್ಕೆ ತಾಗಬಾರದು. ಕೈಬಳೆ, ಉಂಗುರ ಎಲ್ಲ ಬಿಚ್ಚಿಸಿದಳು. ಮೊದಲ ದಿನ ಒಬ್ಬೊಬ್ಬರಿಗೆ ಒಂದು ಮೋಟರೂ ಮುಗಿಯಲಿಲ್ಲ. ಬೆರಳು ಊದಿಕೊಂಡವು. ಐದನೆಯ ದಿನಕ್ಕೆ ರಾಧಾ ಒಂದನ್ನು ಪೂರ್ತಿ ಮುಗಿಸಿ ಟೆಸ್ಟಿಗೆ ಇಟ್ಟಳು. ಹಸಿರು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಪ್ಪಲಮ್ಮ ಮಾತ್ರ, "ಎರಡನೇದು ಆಕು," ಅಂದಳು.

ಎರಡನೆಯ ವಾರ ಕೆಲಸ ಹಿಡಿತಕ್ಕೆ ಬಂತು. ಆ ವಾರದಲ್ಲೇ ಸಪ್ಪಲಮ್ಮ ಎರಡು ದಿನಕ್ಕೆ ಪೆನ್ನಾಗರಂಗೆ ಹೋದಳು. ಅಂಗಡಿಯಲ್ಲಿ ಹನ್ನೊಂದು ಮೋಟರು ಸೇರಿದ್ದವು.

ಅವಳು ಹೋದ ದಿನವೇ ಬಿದಿರಿನ ಚಕ್ಕೆಗಳು ಸವೆದು ಸಿಬಿರೆದ್ದವು. ಅವನ್ನು ಹೆರೆದು ನುಣುಪು ಮಾಡುತ್ತಿದ್ದವಳು ಸಪ್ಪಲಮ್ಮನೇ. ಬೇರೆಯವರು ಹೆರೆದರೆ ಒಂದು ಮೋಟರಿಗೂ ಬರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಲಸ ಅರ್ಧಕ್ಕರ್ಧ ಇಳಿಯಿತು. ಲಕ್ಷ್ಮಣನ್ ಎರಡು ಸಲ ಬಂದು, "ಸೀಕ್ರಂ, ಸೀಕ್ರಂ," ಎಂದು ಅವಸರ ಮಾಡಿ ಹೋದರು. ಮೇನಕಾ ಯೋಚಿಸಿದಳು. ಸ್ಟೋರಿನಿಂದ ತೆಳುವಾದ ಸ್ಟೀಲ್ ಸ್ಕೇಲುಗಳನ್ನು ತರಿಸಿ, ತುಂಡು ಮಾಡಿಸಿ, ಅಂಚನ್ನು ಅರದಿಂದ ಉಜ್ಜಿಸಿ ಎಲ್ಲರಿಗೂ ಹಂಚಿದಳು.

"ಅಮ್ಮ ಕಬ್ಬಿಣ ಬೇಡ ಅಂದಿದ್ರು," ಎಂದಳು ರಾಧಾ.

"ಅಂಚು ಉಜ್ಜಿದೀನಿ. ಏನೂ ಆಗಲ್ಲ. ಟೆಸ್ಟಿನಲ್ಲಿ ಗೊತ್ತಾಗ್ತದಲ್ಲ."

ಕೆಲಸ ಓಡಿತು. ಆ ಎರಡು ದಿನಕ್ಕೆ ಮೂವತ್ತೆಂಟು ಮೋಟರು. ಮೂವತ್ತೆಂಟಕ್ಕೂ ಹಸಿರು ದೀಪ. ಸಪ್ಪಲಮ್ಮ ಬಿದಿರಿನ ಹೊಸ ಕಟ್ಟು ಹಿಡಿದು ವಾಪಸ್ ಬಂದಾಗ ಮೇನಕಾ ಸ್ಟೀಲ್ ತುಂಡುಗಳನ್ನು ಎತ್ತಿಡಿಸಿದ್ದಳು. ಎಲ್ಲವೂ ಪಾಸಾಗಿವೆ, ಹೇಳುವಂಥದ್ದೇನಿದೆ ಎಂದುಕೊಂಡು ಅವ್ವನಿಗೆ ಹೇಳಲಿಲ್ಲ.

ಎರಡು ದಿನ ಕಳೆದು ಮೊದಲ ಅರವತ್ತು ಮೋಟರು ಹೊಸೂರಿಗೆ ಹೋದವು. ಉಳಿದ ನಲವತ್ತರ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, ಒಂದು ಗುರುವಾರ ಅರವಿಂದನ ಫೋನ್ ಬಂತು.

"ಮೇಡಂ, ತೊಪ್ಪೂರಲ್ಲಿದೀನಿ. ಹತ್ತು ಸ್ಕೂಟರ್ ತಂದಿದ್ವಿ, ಮೂರು ನಿಂತುಹೋದವು. ಮೊದಲನೇ ಏರು ಸರಿಯಾಗೇ ಹತ್ತಿದವು, ಎರಡನೇದೂ ಹತ್ತಿದವು. ಮೂರನೇ ಏರಲ್ಲಿ ಒಂದರ ಹಿಂದೊಂದು ಬಿಸಿಯಾಗಿ ನಿಂತವು. ಹಿಂದೆ ಲೋಡ್ ಲಾರಿ ಬರ್ತಿತ್ತು. ನಮ್ಮ ಹುಡುಗ ಸ್ಕೂಟರ್ ಬಿಟ್ಟು ಪಕ್ಕಕ್ಕೆ ಹಾರಿದಾನೆ."

"ಏಟಾಗಿದೆಯಾ?"

"ಮೊಣಕೈ ತರಚಿದೆ, ಅಷ್ಟೆ. ಮೋಟರು ಕಳಿಸ್ತಿದೀನಿ, ನೋಡಿ."

ಸಂಜೆಗೆ ಮೂರೂ ಮೋಟರು ಬೆಂಚಿನ ಮೇಲಿದ್ದವು. ಸಪ್ಪಲಮ್ಮ ಮೊದಲನೆಯದನ್ನು ಮೂಸಿ ನೋಡಿದಳು, ಇಕ್ಕಳದಿಂದ ಸುರುಳಿ ಕತ್ತರಿಸಿ ಎಳೆಎಳೆಯಾಗಿ ಬಿಡಿಸಿದಳು. ಸಂದಿಯ ಬಾಯಿಯ ಹತ್ತಿರ ತಂತಿ ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಎರಡನೆಯದರಲ್ಲೂ ಅಲ್ಲೇ. ಮೂರನೆಯದರಲ್ಲೂ ಅಲ್ಲೇ. ಸುಡದೆ ಉಳಿದ ಒಂದು ಎಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೂದಲಷ್ಟು ಸಣ್ಣ ಗೀರು ಮಿಂಚಿತು.

"ತಣ್ಣಗಿದ್ದಾಗ ಇದು ಗೊತ್ತಾಗಲ್ಲ. ಬಿಸಿ ಏರಿದ ಮೇಲೆ ಬಾಯಿ ಬಿಡ್ತದೆ." ತಲೆ ಎತ್ತಿದಳು. "ಕಬ್ಬಿಣ ಆಕಿದ್ದು ಯಾರು?"

ಹದಿನಾಲ್ಕು ಹೆಂಗಸರೂ ತಲೆ ತಗ್ಗಿಸಿದರು. ಯಾರೂ ಮೇನಕಾಳ ಕಡೆ ನೋಡಲಿಲ್ಲ. ಅವರು ತನ್ನನ್ನು ಕಾಪಾಡುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ಅದನ್ನೇ ಅವಳಿಂದ ತಡೆಯಲಾಗಲಿಲ್ಲ.

"ನಾನು ಅವ್ವಾ. ನೀನು ಊರಿಗೆ ಓಗಿದ್ದಾಗ. ನಾನೇ ಕೊಟ್ಟೆ."

ಸಪ್ಪಲಮ್ಮ ಬೈಯಲಿಲ್ಲ. ತಂತಿಯ ಚೂರನ್ನು ಮೇಜಿನ ಮೇಲಿಟ್ಟು ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು. "ಎಷ್ಟು?"

"ಮೂವತ್ತೆಂಟು. ದಿನದ ನಂಬರ್ ಹಾಕಿದೀನಿ. ಯಾವ್ಯಾವ್ದು ಅಂತ ಗೊತ್ತು."

ಲಕ್ಷ್ಮಣನ್ ಕೇಳಿದ ಕೂಡಲೇ ಬಾಗಿಲು ಮುಚ್ಚಿದರು. "ಮೂರು ಹೋಗಿದೆ, ಮೂರು ಬದಲಾಯಿಸಿ ಕೊಡೋಣ. ಮಿಕ್ಕಿದ್ದು ಹೋದಾಗ ನೋಡ್ಕೊಳ್ಳೋಣ. ಮೂವತ್ತೆಂಟೂ ಕೆಟ್ಟದ್ದು ಅಂತ ನಾವೇ ಹೇಳಿದ್ರೆ, ಅವನು ಇನ್ನೊಂದು ಸಲ ಈ ಕಡೆ ತಿರುಗಿ ನೋಡ್ತಾನಾ? ನಲವತ್ತೆರಡು ಜನದ ಹೊಟ್ಟೆ ಐತೆ ಮೇನಕಾ. ಯೋಚನೆ ಮಾಡು."

"ಮಾಡಿದೆ ಸಾರ್. ಇವತ್ತು ಒಬ್ಬ ಹುಡುಗ ಲಾರಿ ಮುಂದಿಂದ ಹಾರಿದಾನೆ. ಇದನ್ನ ಅಂಗೇ ಬಿಟ್ರೆ ನಾಳೆ ಹಾರೋದು ಯಾರೋ ಏನೋ. ತಪ್ಪು ನಂದು. ನಾನೇ ಹೇಳ್ತೀನಿ. ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ. ಆದ್ರೆ ಹೇಳೋದು ಹೇಳ್ತೀನಿ."

ಲಕ್ಷ್ಮಣನ್ ಕುರ್ಚಿ ಎಳೆದು ಕೂತರು. "ನನ್ನ ಎದುರಿಗೇ ಮಾಡು ಫೋನು," ಎಂದರು.

ಅರವಿಂದ್ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಕೇಳಿದ: "ಗೊತ್ತಿದ್ದೇ ಕಳಿಸಿದ್ರಾ?"

"ಸ್ಟೀಲ್ ಕೊಟ್ಟಿದ್ದು ಗೊತ್ತಿತ್ತು. ಹಿಂಗಾಗುತ್ತೆ ಅಂತ ಗೊತ್ತಿರ್ಲಿಲ್ಲ. ಬೇಡ ಅಂತ ಹೇಳಿದ್ರು, ಕೇಳ್ಲಿಲ್ಲ. ಆಮೇಲಾದ್ರೂ ಹೇಳ್ಬೇಕಿತ್ತು, ಹೇಳ್ಲಿಲ್ಲ. ಮೂವತ್ತೆಂಟರ ನಂಬರೂ ಈಗ್ಲೇ ಕಳಿಸ್ತೀನಿ. ಎಲ್ಲ ವಾಪಸ್ ಕಳ್ಸಿ. ಬಿಚ್ಚಿ, ಹೊಸದಾಗಿ ಸುತ್ತಿ ಕೊಡ್ತೀವಿ."

"ನಿಮ್ಮ ದಿನ ಇನ್ನು ಹನ್ನೊಂದೇ ಉಳಿದಿರೋದು. ಒಂದು ದಿನಾನೂ ಜಾಸ್ತಿ ಸಿಗಲ್ಲ."

"ಬೇಡ."

ಫೋನ್ ಇಟ್ಟ ಮೇಲೆ ಅವಳು ಮೂವತ್ತೆಂಟರ ನಂಬರನ್ನೂ ಬರೆದು ಕಳಿಸಿದಳು. ಲಕ್ಷ್ಮಣನ್ ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿದರು.

ಮಾರನೆಯ ದಿನ ಬೆಂಚಿನ ಸಾಲು ಬದಲಾಯಿತು. ವಾರ್ನಿಷ್ ಹೊಡೆದು ಗಟ್ಟಿಯಾದ ಮೋಟರನ್ನು ಬಿಚ್ಚುವುದು ಹೊಸದಾಗಿ ಸುತ್ತುವುದಕ್ಕಿಂತ ಕಷ್ಟ. ಅದನ್ನು ಬಲ್ಲವನು ದಾಸಪ್ಪ. ಅವನು ಅಂಗಡಿಗೆ ಬೀಗ ಹಾಕಿ, ಗ್ಯಾಸ್ ಟಾರ್ಚು, ಉಳಿ, ಕೊಡತಿ ಚೀಲದಲ್ಲಿ ತುಂಬಿಕೊಂಡು ಮೊದಲ ಬಸ್ಸಿಗೇ ಬಂದ. ಮೋಟರಿಗೆ ಕಾಯುತ್ತಿದ್ದ ರೈತರಿಗೆ ಏನು ಹೇಳಿದೆ ಎಂದು ಮೇನಕಾ ಕೇಳಿದಾಗ, "ನಿಜ ಹೇಳ್ದೆ. ಇಬ್ರು ಬೈದ್ರು, ಉಳಿದವ್ರು ಪರ್ವಾಯಿಲ್ಲ ಅಂದ್ರು," ಎಂದ.

ಅವನು ಹೊರಗಿನ ಶೆಡ್ಡಿನಲ್ಲಿ ಕೂತು ಒಂದು ಬದಿ ಕತ್ತರಿಸಿ, ಬಿಸಿ ಮಾಡಿ, ಇನ್ನೊಂದು ಬದಿಯಿಂದ ತಂತಿ ಎಳೆದು ತೆಗೆಯುತ್ತಿದ್ದ. ಸಂದಿಗಳನ್ನು ಉಜ್ಜಿ ಒಳಗೆ ಕಳಿಸುತ್ತಿದ್ದ. ಮೇನಕಾ ಆಫೀಸಿನ ಮೇಜು ಬಿಟ್ಟು ಹದಿನೈದನೆಯವಳಾಗಿ ಬೆಂಚಿನ ಮೇಲೆ ಕೂತಳು. ಎಷ್ಟೋ ವರ್ಷ ಕೈ ಹಾಕದ ಕೆಲಸ. ಮೊದಲನೆಯದನ್ನು ಸಪ್ಪಲಮ್ಮ ಒಪ್ಪಲಿಲ್ಲ. "ಬಿಚ್ಚು," ಅಂದಳು, ಬೇರೆಯವರಿಗೆ ಹೇಳುವ ಹಾಗೆಯೇ. ಮೇನಕಾ ಬಿಚ್ಚಿದಳು. ಎರಡನೆಯದನ್ನೂ ಅವ್ವ ಬಿಚ್ಚಿಸಿದಳು. ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿ, ಟೆಸ್ಟಿನ ಮೇಜಿಗೆ ಇಟ್ಟಳು.

ಇನ್ನೊಂದು ಕೆಲಸವನ್ನೂ ಮೇನಕಾ ಮಾಡಿದಳು. ತಣ್ಣಗಿರುವ ಮೋಟರಿನ ಟೆಸ್ಟನ್ನು ನಂಬಿ ತಾನು ಕೆಟ್ಟೆ ಎಂದು ಅವಳಿಗೆ ಅರ್ಥವಾಗಿತ್ತು. ವಾರ್ನಿಷ್ ಒಣಗಿಸುವ ಒಲೆಯಲ್ಲಿ ಮೋಟರನ್ನು ಎರಡು ಗಂಟೆ ಕಾಯಿಸಿ, ಬಿಸಿ ಇರುವಾಗಲೇ ಟೆಸ್ಟ್ ಮಾಡುವ ಪದ್ಧತಿ ಶುರುಮಾಡಿದಳು. ವಾಪಸ್ ಬಂದ ಮೂವತ್ತೈದನ್ನು ಬಿಚ್ಚುವ ಮೊದಲು ಹಾಗೆ ಕಾಯಿಸಿ ನೋಡಿದಾಗ ಒಂಬತ್ತಕ್ಕೆ ಕೆಂಪು ದೀಪ ಹತ್ತಿತು. ಆ ಒಂಬತ್ತು ದೀಪಗಳನ್ನು ಲಕ್ಷ್ಮಣನ್ ಪಕ್ಕದಲ್ಲೇ ನಿಂತು ನೋಡಿದರು. ಆಮೇಲೆ ಅವರು, ಮೂರೇ ಬದಲಾಯಿಸೋಣ ಎಂದು ತಾವು ಅಂದಿದ್ದ ಮಾತನ್ನು ಎತ್ತಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ನೂರನೆಯ ಮೋಟರು ಬಿಸಿ ಟೆಸ್ಟಿನಲ್ಲಿ ಪಾಸಾಯಿತು. ರಾಧಾ ಬೆಂಚಿನ ಮೇಲೇ ತಲೆಯಿಟ್ಟು ನಿದ್ದೆ ಹೋದಳು.

ಎರಡನೆಯ ಪರೀಕ್ಷೆಗೆ ಮೇನಕಾ ತಾನೂ ತೊಪ್ಪೂರಿಗೆ ಹೋದಳು. ಘಾಟಿಯ ಕೆಳಗೆ ಟೀ ಅಂಗಡಿಯ ಪಕ್ಕದಲ್ಲಿ ಹತ್ತು ಸ್ಕೂಟರ್ ನಿಂತಿದ್ದವು. ಒಂದೊಂದರ ಹಿಂದೆಯೂ ಮರಳಿನ ಮೂಟೆ ಕಟ್ಟಿತ್ತು. ಬಿಸಿಲು ನೆತ್ತಿಗೇರಿತ್ತು. ಸೇಲಂ ಕಡೆಯಿಂದ ಬಂದ ಲಾರಿಗಳು ಗೇರು ಇಳಿಸಿ ನರಳುತ್ತ ಏರು ಹತ್ತುತ್ತಿದ್ದವು.

ಹೋದ ಸಲ ಹಾರಿದ ಹುಡುಗ ಬಂದಿರಲಿಲ್ಲ. ಒಂಬತ್ತು ಜನ ಸವಾರರಿದ್ದರು. "ಒಂದನ್ನ ನಿಲ್ಲಿಸ್ತೀನಿ," ಎಂದ ಅರವಿಂದ್.

"ನಾನು ಓಡಿಸ್ತೀನಿ."

"ಮೇಡಂ, ಇದು ಟೆಸ್ಟ್ ಗಾಡಿ. ನಿಂತರೆ ಹಿಂದೆ ಲಾರಿ ಇರುತ್ತೆ."

"ಅದಕ್ಕೇ ಕೇಳ್ತಿರೋದು. ಹಿಂದಿನ ಸಲ ನಿಂತದ್ದು ನನ್ನಿಂದ. ಲೈಸೆನ್ಸ್ ಇದೆ, ದಿನಾ ಸ್ಕೂಟರಲ್ಲೇ ಪಾಲಕೋಡಿಂದ ಬರೋದು."

ಅರವಿಂದ್ ತನ್ನ ಹೆಲ್ಮೆಟ್ಟನ್ನೇ ಕೊಟ್ಟ. ಏರುವಾಗ ಅವಳ ಹಿಂದೆ ಕಂಪನಿಯ ಜೀಪು ಬರಲಿ ಎಂದು ಡ್ರೈವರಿಗೆ ಹೇಳಿದ.

ಮೊದಲನೆಯ ಏರು ಸುಲಭವಾಗಿತ್ತು. ಮೇಲೆ ಕಟ್ಟಮೇಡಿನ ಹತ್ತಿರ ತಿರುಗಿ, ಇಳಿಯುವ ರಸ್ತೆಯಲ್ಲಿ ಬಂದು ಎರಡನೆಯದಕ್ಕೆ ಹೊರಟಳು. ಆಂಜನೇಯನ ಗುಡಿ ದಾಟುವಾಗ ಹ್ಯಾಂಡಲ್ ನಡುವಿನ ಪರದೆಯಲ್ಲಿ ಶಾಖದ ಅಂಕಿ ಏರುತ್ತಿತ್ತು. ಮೂರನೆಯ ಏರಿಗೆ ಅರವಿಂದ್ ಯಾರಿಗೂ ವಿರಾಮ ಕೊಡಲಿಲ್ಲ. ಅರ್ಧ ಘಾಟಿಯಲ್ಲಿ ಅವಳ ಮುಂದಿನ ಸಿಮೆಂಟ್ ಲಾರಿ ನಡಿಗೆಯ ವೇಗಕ್ಕೆ ಇಳಿಯಿತು. ಜೀಪಿನ ಹಿಂದೆಯೂ ಹಾರನ್ನು. ಮೋಟರಿಗೆ ಗಾಳಿ ಸಿಗದ, ಭಾರ ಮಾತ್ರ ಸಿಗುವ ಜಾಗ ಅದು. ಅಂಕಿ ನೂರ ಇಪ್ಪತ್ತು ದಾಟಿತು, ನೂರ ಮೂವತ್ತು ದಾಟಿತು. ಮೇನಕಾಳ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಕೈ ಸಡಿಲಿಸಲಿಲ್ಲ. ಯಾವ ಸಂದಿಯಲ್ಲಿ ಯಾರ ಕೈ ಓಡಿದೆಯೋ, ಆ ಕೈಗಳನ್ನೆಲ್ಲ ಅವಳು ಕಣ್ಣಾರೆ ನೋಡಿದ್ದಳು. ನೂರ ಮೂವತ್ತಾರಕ್ಕೆ ಅಂಕಿ ನಿಂತಿತು. ಲಾರಿ ಪಕ್ಕಕ್ಕೆ ಸರಿಯಿತು. ಅವಳು ಮೇಲೆ ತಲುಪಿದಾಗ ಉಳಿದ ಒಂಬತ್ತೂ ಅಲ್ಲಿದ್ದವು.

ಅರವಿಂದ್ ಇನ್ನೂ ಎರಡು ಸಲ ಹತ್ತಿಸಿದ. ಹತ್ತರಲ್ಲಿ ಒಂದೂ ನಿಲ್ಲಲಿಲ್ಲ.

"ಶಾಖದ ಅಂಕಿ ಪೂರ್ತಿ ನೋಡಿ ಹೇಳ್ತೀನಿ," ಎಂದ ಅವನು, ಎಂಜಿನಿಯರ್ ಹೇಳಬೇಕಾದ ಹಾಗೆ. ಆಮೇಲೆ ದನಿ ತಗ್ಗಿಸಿ ಹೇಳಿದ: "ಮೂವತ್ತೆಂಟು ಅಂತ ನೀವು ಹೇಳಿದ್ದಕ್ಕೇ ಇವತ್ತಿನ ನೂರನ್ನ ನಂಬಿ ಬಂದೆ ಮೇಡಂ. ಮೂರು ಅಂದಿದ್ರೆ ಬರ್ತಿರ್ಲಿಲ್ಲ."

ಆರ್ಡರ್ ಜುಲೈನಲ್ಲಿ ಬಂತು. ನಿರೀಕ್ಷಿಸಿದ್ದರ ಅರ್ಧದಷ್ಟು. ಆದರೂ ಎರಡು ಸಾಲೂ ಓಡಿ, ಮನೆಯಲ್ಲಿ ಕೂತಿದ್ದ ಉಳಿದವರೂ ವಾಪಸ್ ಬರುವಷ್ಟಿತ್ತು. ಚೀನಾದ ಅಪ್ಪಣೆ ಪತ್ರಗಳೂ ಮುಂದೆ ಒಂದೊಂದಾಗಿ ಬಂದವು. ಆದರೆ ಸ್ಕೂಟರ್ ಕಂಪನಿ ಕಪ್ಪು ಮ್ಯಾಗ್ನೆಟ್ಟಿನ ಮೋಟರನ್ನು ಬಿಡಲಿಲ್ಲ. ಒಂದೇ ಬಾಗಿಲನ್ನು ನಂಬಿ ಕೂತರೆ ಏನಾಗುತ್ತದೆಂದು ಎಲ್ಲರೂ ನೋಡಿದ್ದರು. ಹೊಸ ಮಿಷನ್ನಿಗೆ ಲಕ್ಷ್ಮಣನ್ ಹೊರದೇಶದ ಕಡೆ ನೋಡಲಿಲ್ಲ. ಕೊಯಮತ್ತೂರಿನ ಒಂದು ವರ್ಕ್‌ಶಾಪಿನವರು, ನಾವೇ ಮಾಡಿಕೊಡುತ್ತೇವೆ ಎಂದರು. ಅವರ ಫಿಟ್ಟರ್ ಬಂದು ನಾಲ್ಕು ದಿನ ಸಪ್ಪಲಮ್ಮನ ಕೈಯನ್ನು ವಿಡಿಯೊ ಮಾಡಿಕೊಂಡು ಹೋದ.

ಮಿಷನ್ನಿನ ಮಾತು ಬಂದ ದಿನವೇ ಮೇನಕಾ ಲಕ್ಷ್ಮಣನ್ ಮುಂದೆ ನಿಂತಳು. "ಕೈಯಲ್ಲಿ ಸುತ್ತಿದ ಹದಿನಾಲ್ಕು ಜನವನ್ನೂ ಖಾಯಂ ಮಾಡ್ಬೇಕು ಸಾರ್. ಮಿಷನ್ ಓಡಿಸೋದು, ಬಿಸಿ ಟೆಸ್ಟು, ಕೆಟ್ಟದ್ದನ್ನ ಬಿಚ್ಚಿ ಸುತ್ತೋದು ಎಲ್ಲ ಅವರಿಗೇ. ಬಿಚ್ಚೋಕೆ ಬರೋರು ಈ ಜಿಲ್ಲೇಲಿ ಬೇರೆ ಯಾವ ಕಾರ್ಖಾನೇಲೂ ಇಲ್ಲ."

"ಹದಿನಾಲ್ಕೂ?"

"ಹದಿನಾಲ್ಕೂ."

ಲಕ್ಷ್ಮಣನ್ ಹತ್ತು ಎಂದರು. ಅವಳು ಅಲ್ಲಿಂದ ಕದಲಲಿಲ್ಲ. ಅವರು ಹನ್ನೆರಡು ಎಂದರು. ಆಗಲೂ ಕದಲಲಿಲ್ಲ. ಕೊನೆಗೆ ಅವರು ನಕ್ಕುಬಿಟ್ಟು ಕಾಗದ ಎಳೆದುಕೊಂಡರು.

ಮಿಷನ್ನು ಬಂದದ್ದು ನವೆಂಬರಿನಲ್ಲಿ. ಅದನ್ನು ಮೊದಲು ಓಡಿಸಿದವಳು ರಾಧಾ. ಅವತ್ತು ಮೇನಕಾ ಅವ್ವನನ್ನೂ ಕರೆಸಿದ್ದಳು. ಸಪ್ಪಲಮ್ಮನಿಗೆ ಗಂಟೆಗಟ್ಟಲೆ ಹಿಡಿಯುತ್ತಿದ್ದ ಕೆಲಸ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಅವಳು ಮೋಟರನ್ನು ತೆಗೆಸಿ, ಕನ್ನಡಕ ಏರಿಸಿಕೊಂಡು ಒಂದೊಂದು ಸಂದಿಯನ್ನೂ ನೋಡಿದಳು. ಫಿಟ್ಟರ್ ಕೈಕಟ್ಟಿ ನಿಂತಿದ್ದ.

"ಏಳನೇ ಸಂದೀಲಿ ಎರಡೆಳೆ ಮೇಲೆ ಬಿದ್ದೈತೆ. ಮಿಕ್ಕಿದ್ದು ಶರಿ ಐತೆ," ಎಂದಳು. ಫಿಟ್ಟರ್ ಬಗ್ಗಿ ನೋಡಿ, ಹೌದೆಂದು ಒಪ್ಪಿಕೊಂಡು ಸ್ಪ್ಯಾನರ್ ಎತ್ತಿಕೊಂಡ.

"ಅವ್ವಾ, ಇಲ್ಲೇ ಇದ್ದುಬಿಡು. ಸಾರ್ ಕೇಳ್ತಾವ್ರೆ. ಸಂಬಳ ಐತೆ, ಕೂತು ನೋಡಿದ್ರೆ ಸಾಕು."

"ನೋಡೋಕೆ ನೀನಿದೀಯಲ್ಲ." ಸಪ್ಪಲಮ್ಮ ಚೀಲ ಹೆಗಲಿಗೇರಿಸಿದಳು. "ನಿಮ್ಮಪ್ಪ ಒಂದು ಗಿರಣಿ ಮೋಟರು ಬಿಚ್ಚಿಟ್ಟವ್ನೆ. ನಾನು ಓಗ್ದಿದ್ರೆ ಅವ್ನೇ ಸುತ್ತಿಬಿಡ್ತಾನೆ."

ಅವಳು ಎರಡು ಗಂಟೆಯ ಪೆನ್ನಾಗರಂ ಬಸ್ಸಿಗೆ ಹೊರಟಳು. ಮೇನಕಾ ಗೇಟಿನವರೆಗೆ ಬಂದು ಕಳಿಸಿ, ಒಳಗೆ ಹೋಗಿ ಏಳನೆಯ ಸಂದಿಯ ಮುಂದೆ ಫಿಟ್ಟರ್ ಪಕ್ಕದಲ್ಲಿ ಕೂತಳು.